ಪಾಲಾಗದ ಕಾರು

ಮೊನ್ನೆ ಬೆಳಿಗ್ಗೆ ಪುತ್ತೂರಿನ ನಮ್ಮ ಓಣಿಯಲ್ಲಿ ಯಾರದೋ ಹಳೆಯ ಕಾರೊಂದು ಹೊರಡುವಾಗ ಕಿರ್ರೆಂದು ಕೂಗಿಕೊಂಡಿತು. ಹಲ್ಲು ಜುಮ್ಮೆನ್ನಿಸುವ ಆ ಕೂಗು ನಿಂತ ಮೇಲೆ ಗಾಳಿಯಲ್ಲಿ ಸುಟ್ಟ ರಬ್ಬರಿನ ವಾಸನೆ ಉಳಿಯಿತು. ಅಂಗಳ ಗುಡಿಸುತ್ತಿದ್ದ ನಾನು ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ ಗೇಟಿನ ಬಳಿ ಹೋಗಿ ನಿಂತೆ. ಕಾರಿನ ಹುಡುಗ ಬಾನೆಟ್ಟು ಎತ್ತಿ ಒಳಗೆ ಇಣುಕುತ್ತಿದ್ದ. "ಬೆಲ್ಟು ಸವೆದಿದೆ ಮಗಾ, ಇವತ್ತೇ ಹೊಸತು ಹಾಕಿಸು" ಎಂದೆ. ಅವನು ತಲೆಯೆತ್ತಿ ನಕ್ಕ. "ನಿಮಗೆ ಹೇಗೆ ಗೊತ್ತು ಅಜ್ಜಿ?" ಎಂದು ಕೇಳಿದ. ಒಂದು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲವಲ್ಲ ಅದು. ನಿಮಗೂ ಹೀಗೆ ಆಗಿರಬಹುದು. ಯಾವುದೋ ವಾಸನೆ ಮೂಗಿಗೆ ಬಡಿದ ಕೂಡಲೇ ಈಗ ಇಲ್ಲದ ಮನೆಯೊಂದರ ಬಾಗಿಲು ತೆರೆದುಕೊಳ್ಳುತ್ತದೆ. ತೀರಿಹೋದವರೆಲ್ಲ ಅಲ್ಲಿ ಅವರವರ ಕೆಲಸದಲ್ಲಿ ತೊಡಗಿರುತ್ತಾರೆ. ಯಾರೂ ತಲೆಯೆತ್ತಿ ನಮ್ಮ ಕಡೆ ನೋಡುವುದಿಲ್ಲ. ಹುಡುಗ ಕಾರು ತೆಗೆದುಕೊಂಡು ಹೋದ ಮೇಲೂ ನಾನು ಗೇಟು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ.

ನಮ್ಮ ಮನೆ ಸುಳ್ಯ ಪೇಟೆಯ ಒಂದು ತುದಿಯಲ್ಲಿ, ರಸ್ತೆಗೆ ಮುಖ ಮಾಡಿಕೊಂಡು ಇತ್ತು. ಸುಳ್ಯ ಆಗ ಪುತ್ತೂರು ತಾಲೂಕಿಗೇ ಸೇರಿತ್ತು. ಪೇಟೆ ಎಂದರೆ ರಸ್ತೆಯ ಎರಡೂ ಬದಿಗೆ ಸಾಲಾಗಿ ಕೂತ ಅಂಗಡಿಗಳು, ಅಷ್ಟೆ. ಮನೆ ಉದ್ದಕ್ಕೆ, ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಕೋಣೆ. ಒಂದು ಬದಿಗೆ ಮರದ ಬಾಗಿಲಿನ ದೊಡ್ಡ ಶೆಡ್ಡು. ಆ ಶೆಡ್ಡಿನಲ್ಲಿ ನಮ್ಮ ಅನ್ನ ಇತ್ತು. ಅಜ್ಜ ಮೊದಲು ಎತ್ತಿನ ಗಾಡಿಯನ್ನು ಬಾಡಿಗೆಗೆ ಹೊಡೆಸುತ್ತಿದ್ದವರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೊಡಗಿನ ಕಾಫಿ ತೋಟದ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ಮಾರಿದ ಕಾರನ್ನು ಧೈರ್ಯ ಮಾಡಿ ಕೊಂಡುಬಿಟ್ಟರು. ಕಪ್ಪು ಬಣ್ಣ, ಉದ್ದನೆಯ ಮೂಗು, ಎರಡು ದೊಡ್ಡ ದೀಪಗಳು. ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದಕ್ಕೆ. ಅದರ ಚರ್ಮದಲ್ಲಿ ಆ ದೊರೆಯ ಚುರುಟಿನ ವಾಸನೆ ನಾನು ಹುಟ್ಟಿದ ಮೇಲೂ ಇತ್ತು. ಮದುವೆಯ ಹೆಣ್ಣು, ಮಂಗಳೂರಿಗೆ ಹೋಗುವ ರೋಗಿ, ಪುತ್ತೂರಿನ ಕೋರ್ಟಿಗೆ ಹೋಗುವ ಕಕ್ಷಿದಾರ, ಎಲ್ಲರೂ ಆ ಸೀಟುಗಳ ಮೇಲೆ ಕೂತು ಹೋದವರೇ. ಬೇಸಗೆಯಲ್ಲಿ ಬಾಡಿಗೆ ಇಲ್ಲದ ದಿನ ಅಜ್ಜಿ ಕಾರಿನ ತಲೆಯ ಮೇಲೆ ಹಳೆಯ ಬಟ್ಟೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. "ತಗಡು ಕಾದ್ರೆ ಒಂದೇ ದಿನದಲ್ಲಿ ಒಣಗ್ತದೆ" ಎನ್ನುವುದು ಅವರ ಲೆಕ್ಕ. ಅವಸರದ ಬಾಡಿಗೆ ಬಂದರೆ ಹಪ್ಪಳ ತೆಗೆಯಲು ನಾವೆಲ್ಲ ಓಡಬೇಕು.

ಓಡಿಸುವವರು ಅಪ್ಪ ಮತ್ತು ಚಿಕ್ಕಪ್ಪ. ಅಜ್ಜಿಯ ಬಾಯಲ್ಲಿ ಅಪ್ಪ ಶೀನ, ಚಿಕ್ಕಪ್ಪ ನಾಣಿ. ಇಬ್ಬರೂ ಸೇರಿ ಮಾಡಲೇಬೇಕಾದ ಒಂದು ಕೆಲಸ ಆ ಕಾರಿನಲ್ಲಿತ್ತು, ಅದು ಬೆಲ್ಟು ಬದಲಿಸುವುದು. ಇಂಜಿನ್ನಿನ ಮುಂಭಾಗದಲ್ಲಿ ಮೂರು ಗಾಲಿಗಳನ್ನು ಬಳಸಿಕೊಂಡು ಕಪ್ಪು ರಬ್ಬರಿನ ಪಟ್ಟಿಯೊಂದು ಸುತ್ತುತ್ತಿರುತ್ತದೆ. ಫ್ಯಾನು ತಿರುಗುವುದು, ನೀರು ಇಂಜಿನ್ನನ್ನು ಸುತ್ತಿ ಬರುವುದು, ದೀಪಕ್ಕೆ ಕರೆಂಟು ಹುಟ್ಟುವುದು, ಎಲ್ಲ ಆ ಪಟ್ಟಿಯ ದಯೆ. ಅದು ಹಳತಾದರೆ ಒಳಮೈ ಬಿರಿಯುತ್ತದೆ, ಅಂಚಿನಲ್ಲಿ ನೂಲು ಏಳುತ್ತದೆ, ಬೆಳಿಗ್ಗೆ ಹೊರಡುವಾಗ ಕಿರುಚುತ್ತದೆ. ಮಳೆಗಾಲಕ್ಕೆ ಮೊದಲು ಅಜ್ಜ ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿ ಕೂರುತ್ತಿದ್ದರು. ಹಳೆಯ ಬೆಲ್ಟು ಕಳಚಿ ಹೊಸತನ್ನು ಗಾಲಿಗಳಿಗೆ ಸೇರಿಸಿದ ಮೇಲೆ ಒಬ್ಬರು ಕಬ್ಬಿಣದ ಸಲಾಕೆಯನ್ನು ಮೀಟುಗೋಲು ಮಾಡಿ, ಕರೆಂಟು ಹುಟ್ಟಿಸುವ ಡೈನಮೊವನ್ನು ಹೊರಕ್ಕೆ ಎಳೆದು ಹಿಡಿಯಬೇಕು. ಬೆಲ್ಟು ಬಿಗಿಯಾದ ಆ ಗಳಿಗೆಯಲ್ಲಿ ಇನ್ನೊಬ್ಬರು ಬೋಲ್ಟು ತಿರುಗಿಸಬೇಕು. ಹಿಡಿದವನು ಸಡಿಲ ಬಿಟ್ಟರೆ ಕೆಟ್ಟಿತು, ತಿರುಗಿಸುವವನು ತಡ ಮಾಡಿದರೂ ಕೆಟ್ಟಿತು. ಹಿಡಿಯುವುದು ಅಪ್ಪ, ತಿರುಗಿಸುವುದು ಚಿಕ್ಕಪ್ಪ. ಕೊನೆಗೆ ಅಜ್ಜ ಎದ್ದು ಬಂದು ಹೆಬ್ಬೆರಳಿನಿಂದ ಬೆಲ್ಟನ್ನು ಒತ್ತಿ ನೋಡಿ "ಆಯ್ತು" ಎನ್ನುತ್ತಿದ್ದರು. ಆ ದಿನ ಮನೆಯಲ್ಲಿ ಪಾಯಸ. ಕಾರಿಗೆ ಹೊಸ ಬೆಲ್ಟು ಹಾಕಿದ್ದಕ್ಕೆ ಪಾಯಸ ಮಾಡುವ ಮನೆ ಬೇರೆಲ್ಲಾದರೂ ಇತ್ತೋ ನಾನರಿಯೆ.

ಅಜ್ಜ ಕಾಯಿಲೆ ಬಿದ್ದದ್ದು ನಾನು ಶಾಲೆಗೆ ಸೇರಿದ ಹೊಸತರಲ್ಲಿ. ಹೊಟ್ಟೆಯ ನೋವು, ಏನು ಕುಡಿದರೂ ನಿಲ್ಲುತ್ತಿರಲಿಲ್ಲ. ಅಪ್ಪ ಮಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದರು. ಚಿಕ್ಕಪ್ಪ ಬೇಡ ಎಂದರು. "ಅಷ್ಟು ದೂರ ಕುಲುಕಿಸಿಕೊಂಡು ಹೋದ್ರೆ ದಾರಿಯಲ್ಲೇ ಹೋಗ್ಬಿಡ್ತಾರೆ ಅಣ್ಣ. ಮನೆಯಲ್ಲೇ ಇರ್ಲಿ." ಅಪ್ಪ ಕೇಳಲಿಲ್ಲ. ನೆರೆಯವರೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಹೊರಟರು. ಚಿಕ್ಕಪ್ಪ ಹೇಳಿದ ಹಾಗೆಯೇ ಆಯಿತು. ಪುತ್ತೂರು ಮುಟ್ಟುವ ಮೊದಲೇ, ಕುಂಬ್ರದ ಹತ್ತಿರ, ಅಜ್ಜ ಕಾರಿನಲ್ಲೇ ತೀರಿಕೊಂಡರು. ಕಾರು ಮಧ್ಯಾಹ್ನದ ಹೊತ್ತಿಗೆ ಅಂಗಳಕ್ಕೆ ಮರಳಿ ಬಂದಾಗ ಚಿಕ್ಕಪ್ಪ ಜಗಲಿಯಿಂದ ಇಳಿದು ಬಂದು, ಹಿಂದಿನ ಬಾಗಿಲು ತೆಗೆದು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ "ಅವರನ್ನು ಮನೆಯಲ್ಲಿ ಸಾಯ್ಲಿಕ್ಕೂ ಬಿಡ್ಲಿಲ್ಲ ನೀನು" ಎಂದರು. ಬಹಳ ಕಾಲದ ತನಕ ಅಣ್ಣನೊಡನೆ ಅವರು ನೇರವಾಗಿ ಆಡುವ ಕೊನೆಯ ಮಾತು ಅದೇ ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ. ದುಃಖದಲ್ಲಿ ಆಡಿದ ಮಾತು, ವೈಕುಂಠ ಸಮಾರಾಧನೆ ಮುಗಿಯುವಾಗ ಸರಿಹೋಗುತ್ತದೆ ಎಂದುಕೊಂಡಿದ್ದೆವು. ಸರಿಹೋಗಲಿಲ್ಲ.

ವರ್ಷ ಕಳೆಯುವುದರೊಳಗೆ ಮನೆ ಎರಡಾಯಿತು. ಗೋಡೆ ಎಬ್ಬಿಸಲಿಲ್ಲ, ನಡುವಿನ ಒಂದು ಬಾಗಿಲಿಗೆ ಅಗಳಿ ಬಿತ್ತು, ಅಷ್ಟೆ. ಮುಂದಿನ ಕೋಣೆಗಳು ನಮಗೆ, ಹಿಂದಿನವು ಚಿಕ್ಕಪ್ಪನಿಗೆ. ಹಿತ್ತಿಲ ಜಗಲಿಯಲ್ಲಿ ಅವರ ಬೇರೆ ಒಲೆ. ಅಜ್ಜಿ ಮಧ್ಯಾಹ್ನ ನಮ್ಮಲ್ಲಿ ಉಂಡು ರಾತ್ರಿ ಅವರಲ್ಲಿ ಉಣ್ಣುತ್ತಿದ್ದರು. ಎರಡು ಕಡೆಯೂ "ಉಪ್ಪು ಸ್ವಲ್ಪ ಕಡಿಮೆ" ಎನ್ನುತ್ತಿದ್ದರು, ಯಾರ ಪಕ್ಷವೂ ಆಗಬಾರದಲ್ಲ. ಪಾತ್ರೆ, ಮಂಚ, ಬಾವಿಕಟ್ಟೆಯ ಬದಿಯ ತೆಂಗು, ಎಲ್ಲ ಪಾಲಾದವು. ಪಾಲಾಗದೆ ಉಳಿದದ್ದು ಕಾರು ಒಂದೇ. ಅದನ್ನು ಕೊಯ್ಯಲು ಬರುವುದಿಲ್ಲ. ಮಾರಲು ಇಬ್ಬರಿಗೂ ಮನಸ್ಸಿಲ್ಲ. ಒಂದು ವಾರ ಅಪ್ಪ, ಒಂದು ವಾರ ಚಿಕ್ಕಪ್ಪ ಓಡಿಸುವುದೆಂದು ಅಜ್ಜಿ ತೀರ್ಮಾನ ಮಾಡಿದರು. ಭಾನುವಾರ ಸಂಜೆ ಕೀಲಿಕೈ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು. ಕೊಂಡುಹೋಗುವವಳು ನಾನು.

ಕೀಲಿಕೈ ಮಾತ್ರ ಅಲ್ಲ, ಮಾತುಗಳನ್ನೂ ನಾನೇ ಹೊತ್ತೆ. "ಸರಸ, ನಿನ್ನ ಚಿಕ್ಕಪ್ಪನತ್ರ ಹೇಳು, ಹಿಂದಿನ ಟಯರಿಗೆ ಗಾಳಿ ಬೇಕು ಅಂತ." "ಸರಸ, ನಿನ್ನ ಅಪ್ಪನತ್ರ ಹೇಳು, ಮೊನ್ನೆ ಎಡದ ಬಾಗಿಲು ಸರಿ ಮುಚ್ಚಿರ್ಲಿಲ್ಲ ಅಂತ." ಇಬ್ಬರೂ ನಾಲ್ಕು ಮೊಳ ದೂರದಲ್ಲಿ ನಿಂತಿರುವಾಗಲೂ ಹೀಗೆಯೇ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸಿರುತ್ತದೆ, ಆದರೂ ನಾನು ಅದನ್ನು ಇನ್ನೊಮ್ಮೆ ಹೇಳುವ ತನಕ ಅವರು ಕಾಯುತ್ತಿದ್ದರು. ನಾನು ಆ ಕೆಲಸವನ್ನು ಹೆಮ್ಮೆಯಿಂದಲೇ ಮಾಡುತ್ತಿದ್ದೆ. ಇದರ ಒಳಗಿನ ನೋವು ಗೊತ್ತಿದ್ದದ್ದು ಚಿಕ್ಕಮ್ಮನಿಗೆ. ದೇವಕಿ ಚಿಕ್ಕಮ್ಮ ಗುತ್ತಿಗಾರಿನ ಕಡೆಯವರು. ಕಾಡಿನ ಅಂಚಿನ ಮನೆಯಲ್ಲಿ ಬೆಳೆದವರು, ಗಟ್ಟಿ ದನಿ, ಗಟ್ಟಿ ನಗು. ಅಗಳಿ ಹಾಕಿದ ಬಾಗಿಲಿನ ಸಂದಿಯಿಂದಲೇ ಅವರು ಅಮ್ಮನಿಗೆ ಒಗ್ಗರಣೆಗೆ ಕರಿಬೇವಿನಸೊಪ್ಪು ಕೊಡುತ್ತಿದ್ದರು, ಅಮ್ಮ ಬಾಗಿಲಿನ ಕೆಳಗಿನ ಸಂದಿಯಿಂದ ಮಜ್ಜಿಗೆಯ ಬಟ್ಟಲು ದೂಡುತ್ತಿದ್ದರು. ಅಣ್ಣತಮ್ಮಂದಿರು ಬಾಗಿಲು ಮುಚ್ಚಿದ್ದು ಓರಗಿತ್ತಿಯರಿಗೆ ಲೆಕ್ಕಕ್ಕೇ ಇರಲಿಲ್ಲ. "ನಿನ್ನ ಚಿಕ್ಕಪ್ಪ ರಾತ್ರಿ ನಿದ್ರೆಯಲ್ಲಿ ಅಣ್ಣನತ್ರ ಮಾತಾಡ್ತಾರೆ ಮಾರಾಯ್ತಿ. ಹಗಲು ಮಾತ್ರ ಆಗುದಿಲ್ಲ" ಎಂದು ಒಮ್ಮೆ ನನ್ನ ಹತ್ತಿರ ಹೇಳಿ ನಕ್ಕಿದ್ದರು.

ಅಜ್ಜ ಇದ್ದಾಗ ಹಾಕಿದ ಬೆಲ್ಟೇ ಇನ್ನೂ ಸುತ್ತುತ್ತಿತ್ತು. ಅದು ಕೂಗಲು ತೊಡಗಿದಾಗ ಚಿಕ್ಕಪ್ಪ ನನ್ನನ್ನು ಕರೆದು "ಬೆಲ್ಟು ಸವೆದಿದೆ ಅಂತ ಹೇಳು" ಎಂದರು. ಅಪ್ಪ "ಅದು ಅವನ ವಾರದಲ್ಲಿ ಕೂಗಿದ್ದು, ಅವನೇ ಹಾಕ್ಲಿ" ಎಂದರು. ಆ ಉತ್ತರ ಹಿಂದಿನ ಜಗಲಿಗೆ ಹೋಯಿತು. "ಹಾಕ್ಬಹುದು. ಹಿಡಿಲಿಕ್ಕೆ ಯಾರು ಉಂಟು ಅಂತ ಕೇಳು" ಎನ್ನುವ ಮಾತು ತಿರುಗಿ ಬಂತು. ಅಪ್ಪ ಮುಖ ತೊಳೆಯುವ ನೆವದಲ್ಲಿ ಬಾವಿಕಟ್ಟೆಗೆ ಹೋದರು. ಹೀಗೆ ಚಳಿಗಾಲ ಕಳೆಯಿತು, ಬೇಸಗೆ ಬಂತು. ಕೂಗು ಜೋರಾದಾಗ ಇಬ್ಬರೂ ಅದಕ್ಕೆ ಸಾಬೂನು ತಿಕ್ಕಿ ಸುಮ್ಮನಾಗಿಸುತ್ತಿದ್ದರು. ಮನೆಯಲ್ಲಿ ಎಲ್ಲರೂ ಆ ಕೂಗನ್ನು ಕೇಳಿಸಿಕೊಳ್ಳುತ್ತಿದ್ದರು. ಎಲ್ಲರೂ ಅದು ಇಂಜಿನ್ನಿನದ್ದು ಮಾತ್ರ ಎಂಬಂತೆ ಇರುತ್ತಿದ್ದರು.

ಆ ಬೇಸಗೆಯಲ್ಲಿ ಚಿಕ್ಕಮ್ಮನಿಗೆ ದಿನ ತುಂಬಿತ್ತು. ಮದುವೆಯಾಗಿ ಬಹಳ ವರ್ಷಗಳ ನಂತರ ನಿಂತ ಬಸಿರು. ಮುಂಜಾನೆ ನೋವು ಸುರುವಾಯಿತು. ಹೆರಿಗೆ ನೋಡುವ ಅಕ್ಕು ಬಂದು ಒಳಗೆ ಕೂತಳು. ಸೂರ್ಯ ನೆತ್ತಿಗೆ ಏರುವ ಹೊತ್ತಿಗೆ ಅವಳು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು "ಮಗು ಅಡ್ಡ ಕೂತಿದೆ. ನನ್ನಿಂದ ಆಗುದಿಲ್ಲ ಅಮ್ಮಾ, ಪುತ್ತೂರಿಗೆ ಕರ್ಕೊಂಡು ಹೋಗಿ" ಎಂದಳು. ಅದು ಅಪ್ಪನ ವಾರ. ಕೀಲಿಕೈ ನಮ್ಮ ಕಡೆಯ ಮೊಳೆಯಲ್ಲಿ ತೂಗುತ್ತಿತ್ತು. ಚಿಕ್ಕಪ್ಪ ಅಗಳಿ ಹಾಕಿದ ಬಾಗಿಲನ್ನು ತಾವೇ ತೆರೆದು ನಮ್ಮ ಕೋಣೆಗೆ ಬಂದು ನಿಂತರು. ನನ್ನನ್ನು ನೋಡಿದರು. ನಾನು ಏನಾದರೂ ಹೇಳುವ ಮೊದಲೇ ಅಪ್ಪ ಮೊಳೆಯಿಂದ ಕೀಲಿಕೈ ತೆಗೆದಾಗಿತ್ತು.

ಹಪ್ಪಳಗಳನ್ನು ಬಟ್ಟೆಯ ಸಮೇತ ಎಳೆದು ಅಂಗಳಕ್ಕೆ ಹಾಕಿದರು. ಹಿಂದಿನ ಸೀಟಿನಲ್ಲಿ ಅಮ್ಮ ಚಿಕ್ಕಮ್ಮನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಮಗುವನ್ನು ಸುತ್ತಲಿಕ್ಕೆಂದು ಅಜ್ಜಿ ತನ್ನ ಹಳೆಯ ಮೆತ್ತನೆಯ ಸೀರೆಯೊಂದನ್ನು ಮಡಚಿ ಕೊಟ್ಟರು. ಅಪ್ಪ ಸ್ಟಿಯರಿಂಗಿನ ಮುಂದೆ ಕೂತರು, ಚಿಕ್ಕಪ್ಪ ಆಚೆ ತುದಿಗೆ. ಅಜ್ಜಿ ನನ್ನ ರಟ್ಟೆ ಹಿಡಿದು ಅವರ ನಡುವೆ ಹತ್ತಿಸಿದರು. "ಇವಳು ಬರ್ಲಿ. ಇವರಿಬ್ಬರ ಮಾತು ದಾಟಿಸ್ಲಿಕ್ಕೆ ಯಾರಾದ್ರೂ ಬೇಕಲ್ಲ" ಎಂದರು. ಅದು ಸಿಟ್ಟಿನ ಮಾತೋ ದುಃಖದ ಮಾತೋ ನನಗೆ ಗೊತ್ತಾಗಲಿಲ್ಲ.

ಜಾಲ್ಸೂರು ದಾಟಿದೆವು. ರಸ್ತೆಯ ಕೆಂಪು ಧೂಳು ಕಿಟಕಿಯಿಂದ ಒಳಗೆ ಬರುತ್ತಿತ್ತು. ಗೇರುಮರಗಳ ಹಣ್ಣಿನ ಘಾಟು, ಬಿಸಿಯಾದ ಚರ್ಮದ ಸೀಟು, ಚಿಕ್ಕಪ್ಪನ ಬೆವರು. ನೋವು ಬಂದಾಗ ಚಿಕ್ಕಮ್ಮ ಕೂಗುತ್ತಿರಲಿಲ್ಲ, ಉಸಿರು ಬಿಗಿಹಿಡಿಯುತ್ತಿದ್ದರು. ಆ ಉಸಿರು ನಿಂತಾಗಲೆಲ್ಲ ಚಿಕ್ಕಪ್ಪ ತಿರುಗಿ ನೋಡುತ್ತಿದ್ದರು. ಕನಕಮಜಲಿನ ಆಚೆ ಒಂದು ಏರು. ಅದನ್ನು ಹತ್ತುವಾಗ ಬಾನೆಟ್ಟಿನ ಅಡಿಯಲ್ಲಿ ಚಟ್ ಎಂದು ಬಾರುಕೋಲು ಬೀಸಿದಂಥ ಶಬ್ದವಾಯಿತು. ಸ್ಟಿಯರಿಂಗಿನ ಎದುರಿನ ಕೆಂಪು ದೀಪ ಹತ್ತಿತು. ಅಪ್ಪ ಕಾರನ್ನು ರಸ್ತೆಯ ಬದಿಗೆ ಒಂದು ಮಾವಿನಮರದ ನೆರಳಿಗೆ ತಂದು ನಿಲ್ಲಿಸಿದರು. ಅಣ್ಣತಮ್ಮ ಇಬ್ಬರೂ ಇಳಿದು ಬಾನೆಟ್ಟು ಎತ್ತಿದರು. ನಾನೂ ಇಳಿದೆ. ಬೆಲ್ಟು ತುಂಡಾಗಿ ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡು ಸತ್ತ ಕೇರೆಹಾವಿನ ಹಾಗೆ ಜೋತುಬಿದ್ದಿತ್ತು.

ಚಿಕ್ಕಪ್ಪ ಇಂಜಿನ್ನನ್ನೇ ನೋಡುತ್ತಾ "ಬೇರೆ ಬೆಲ್ಟು ಉಂಟಾ ಅಂತ ಕೇಳು ಸರಸ" ಎಂದರು. ಅಪ್ಪ "ಅವನು ಗಾಡಿಯಲ್ಲಿ ಇಡ್ಲಿಲ್ವಾ ಅಂತ ಕೇಳು" ಎಂದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಾರಿನ ಒಳಗಿನಿಂದ ಚಿಕ್ಕಮ್ಮನ ದನಿ ಕೇಳಿತು. ನೋವಿನಲ್ಲಿ ಒಡೆದಿದ್ದರೂ ಅದು ಅದೇ ಗುತ್ತಿಗಾರಿನ ಗಟ್ಟಿ ದನಿ.

"ಭಾವ, ನೀವು ಹಿರಿಯರು, ನಿಮಗೆ ಹೇಳ್ಬಾರದು. ಆದ್ರೆ ಹೇಳ್ತೇನೆ. ಆ ಮಗುವಿನತ್ರ ಇನ್ನೊಂದು ಮಾತು ಹೇಳಿಸಿದ್ರೆ ನಾನು ಇಲ್ಲೇ ಇಳಿತೇನೆ. ಇಳಿದು ಅಪ್ಪನ ಮನೆಗೆ ನಡ್ಕೊಂಡು ಹೋಗ್ತೇನೆ. ಬಾಯಿ ಉಂಟಲ್ಲ ಇಬ್ಬರಿಗೂ? ಮಾತಾಡಿ!"

ಹೇಳಿದ್ದು ಮಾತ್ರವಲ್ಲ, ಅಮ್ಮ ಹಿಡಿದುಕೊಳ್ಳುತ್ತಿದ್ದರೂ ಬಾಗಿಲು ತೆರೆದು ಒಂದು ಕಾಲನ್ನು ಕೆಳಗೆ ಇಟ್ಟೇಬಿಟ್ಟರು. ಆ ಊದಿಕೊಂಡ ಬರಿಗಾಲು ಕೆಂಪು ಧೂಳಿನ ಮೇಲೆ ಊರಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪ ಆ ಕಾಲನ್ನು ನೋಡಿದರು. ಆಮೇಲೆ ತಮ್ಮನ ಮುಖ ನೋಡಿದರು. ಅಜ್ಜ ಸತ್ತ ಮೇಲೆ ಅವರಿಬ್ಬರೂ ಮುಖಕ್ಕೆ ಮುಖ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನನ್ನತ್ರ ಇಲ್ಲ ನಾಣಿ. ಮನೆಯಲ್ಲುಂಟು" ಎಂದರು ಅಪ್ಪ.

ಚಿಕ್ಕಪ್ಪ "ನಾನೂ ತಂದಿದ್ದೆ. ನನ್ನದೂ ಮನೆಯಲ್ಲೇ ಉಂಟು" ಎಂದರು.

ನೋಡಿ, ಇಬ್ಬರೂ ಪುತ್ತೂರಿಗೆ ಹೋದಾಗ ಗುಟ್ಟಾಗಿ ಒಂದೊಂದು ಹೊಸ ಬೆಲ್ಟು ಕೊಂಡು ತಂದಿದ್ದರು. ಅಪ್ಪ ಮಂಚದ ಅಡಿಯ ಪೆಟ್ಟಿಗೆಯಲ್ಲಿ, ಚಿಕ್ಕಪ್ಪ ಅಟ್ಟದಲ್ಲಿ ಇಟ್ಟಿದ್ದರು. ಬಂದು ಹಿಡಿ ಎಂದು ಇನ್ನೊಬ್ಬ ಬಾಯಿಬಿಟ್ಟು ಕರೆಯಲಿ ಎಂದು ಇಬ್ಬರೂ ಕಾಯುತ್ತಾ ಕೂತಿದ್ದರು. ಆ ಬಿಸಿಲಿನಲ್ಲಿ, ಎರಡು ಕಡೆಯಿಂದಲೂ ಒಂದು ವಾಹನ ಬಾರದ ರಸ್ತೆಯಲ್ಲಿ, ಅದನ್ನು ಕೇಳಿ ಯಾರೂ ನಗಲಿಲ್ಲ, ಯಾರೂ ಬಯ್ಯಲಿಲ್ಲ.

ಬೆಲ್ಟಿಲ್ಲದೆ ಒಂದೆರಡು ಮೈಲಿ ಹೋದರೂ ನೀರು ಕುದಿದು ಇಂಜಿನ್ನು ಹಿಡಿದುಕೊಂಡು ನಿಂತುಬಿಡುತ್ತದೆ. ಹಗ್ಗ ಕಟ್ಟಿದರೆ ಗಾಲಿಯ ತೋಡಿನಲ್ಲಿ ಕೂರುವುದಿಲ್ಲ, ಜಾರುತ್ತದೆ. ಅಪ್ಪ ಬೆವರೊರೆಸುವ ಹೆಗಲ ಬೈರಾಸನ್ನು ತೆಗೆದು ಹೊಸೆದು ಅಳತೆ ನೋಡಿದರು. ಗಿಡ್ಡವಾಯಿತು. ಆಗ ಅಮ್ಮ ಒಳಗಿನಿಂದ "ಅತ್ತೆಯ ಸೀರೆ ಉಂಟು" ಎಂದರು. ಮಗುವಿಗೆಂದು ತಂದ ಸೀರೆ. ಯಾರಾದರೂ ಬೇಕು ಬೇಡ ಎನ್ನುವ ಮೊದಲೇ ಅಮ್ಮ ಅದರ ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರೆಂದು ಹರಿದರು. ಮೂರು ಉದ್ದದ ಪಟ್ಟಿ ಮಾಡಿ, ಹೂಜಿಯ ನೀರಿನಲ್ಲಿ ತೋಯಿಸಿ, ಅವುಗಳ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಪ್ರತಿದಿನ ಬೆಳಿಗ್ಗೆ ನನ್ನ ಜಡೆ ಹೆಣೆಯುವ ಹಾಗೆಯೇ ಸರಸರ ಹೆಣೆಯಲು ತೊಡಗಿದರು. ಚಿಕ್ಕಮ್ಮ ಕಾಲನ್ನು ಒಳಗೆ ತೆಗೆದುಕೊಂಡು ಅದನ್ನೇ ನೋಡುತ್ತಾ "ಬಿಗಿ ಮಾಡಿ ಅಕ್ಕ, ಇನ್ನೂ ಬಿಗಿ" ಎನ್ನುತ್ತಿದ್ದರು. ನೋವು ಬಂದಾಗ ಹೆಣಿಗೆಯ ಇನ್ನೊಂದು ತುದಿಯನ್ನು ಅವರೇ ಮುಷ್ಟಿಯಲ್ಲಿ ಹಿಡಿದು ಎಳೆದರು. ಅದು ಅಷ್ಟು ಬಿಗಿಯಾದದ್ದು ಹಾಗೆ.

ಅಪ್ಪ ಸಲಾಕೆ ತಂದರು. ಚಿಕ್ಕಪ್ಪ ಹೆಣಿಗೆಯನ್ನು ಗಾಲಿಗಳಿಗೆ ಸುತ್ತಿ ಗಂಟು ಹಾಕಿ, ಸ್ಪ್ಯಾನರ್ ಹಿಡಿದು ಬಗ್ಗಿದರು.

"ಹಿಡಿ ಅಣ್ಣ."

"ಹಿಡಿದಿದ್ದೇನೆ."

"ಇನ್ನು ಸ್ವಲ್ಪ. ಬಿಡ್ಬೇಡ."

"ಬಿಡುದಿಲ್ಲ. ನೀನು ತಿರುಗಿಸು."

ಅವರ ತಲೆಗಳು ಬಾನೆಟ್ಟಿನ ಅಡಿಯಲ್ಲಿ ಒಂದಕ್ಕೊಂದು ತಾಗುತ್ತಿದ್ದವು. ಕೆಲಸ ಮುಗಿದಾಗ ಇಬ್ಬರೂ ಒಟ್ಟಿಗೆ ಹೆಬ್ಬೆರಳು ಚಾಚಿದರು, ಒತ್ತಿ ನೋಡಲು. ಬೆರಳಿಗೆ ಬೆರಳು ತಾಗಿದ ಕೂಡಲೇ ಇಬ್ಬರೂ ಕೈ ಹಿಂದೆ ತೆಗೆದರು. ಕಾರು ಮತ್ತೆ ಹೊರಟಿತು. ಎತ್ತಿನ ಗಾಡಿಗಿಂತ ಸ್ವಲ್ಪ ವೇಗ, ಅಷ್ಟೆ. ಹೆಣಿಗೆ ಒಮ್ಮೆ ಸಡಿಲವಾಯಿತು, ಒಮ್ಮೆ ತುಂಡಾಯಿತು. ಅಮ್ಮ ಹಿಂದಿನ ಸೀಟಿನಲ್ಲಿ ಮುಂದಿನದ್ದನ್ನು ಹೆಣೆದು ಸಿದ್ಧ ಇಟ್ಟಿರುತ್ತಿದ್ದರು. ನಾನು ಇಬ್ಬರ ನಡುವೆ ಸುಮ್ಮನೆ ಕೂತಿದ್ದೆ. ನನ್ನ ತಲೆಯ ಮೇಲಿನಿಂದಲೇ ಮಾತುಗಳು ಆಚೆ ಈಚೆ ಹೋಗುತ್ತಿದ್ದವು. "ಇಲ್ಲಿ ನಿಧಾನ." "ಗೊತ್ತುಂಟು." "ನೀರು ಹಾಕ್ಬೇಕಾ?" "ಕಾವು ಪೇಟೆಯಲ್ಲಿ ಹಾಕುವ."

ಕುಂಬ್ರದ ಹತ್ತಿರ ಕೊನೆಯ ಸಲ ನಿಲ್ಲಿಸಿದೆವು. ರಸ್ತೆ ಬದಿಯ ಮನೆಯೊಂದರ ಹೆಂಗಸು ಬಾವಿಯಿಂದ ಸೇದಿ ಕೊಡ ಕೊಡ ನೀರು ತಂದಳು. ಕಾರಿನ ಒಳಗೆ ಇಣುಕಿದವಳು ಓಡಿಹೋಗಿ ಬೆಲ್ಲ ಮತ್ತು ನೀರು ತಂದು ಚಿಕ್ಕಮ್ಮನ ಬಾಯಿಗೆ ಇಟ್ಟಳು. ಅಪ್ಪ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದರು. ಆವಿ ಬುಸುಗುಡುತ್ತಿತ್ತು. ಚಿಕ್ಕಪ್ಪ ರಸ್ತೆಯ ಮುಂದಕ್ಕೆ ನೋಡುತ್ತಾ ತಗ್ಗಿದ ದನಿಯಲ್ಲಿ ಕೇಳಿದರು.

"ಅಪ್ಪ ಹೋದದ್ದು ಇಲ್ಲೇ ಅಲ್ವಾ?"

"ಸ್ವಲ್ಪ ಮುಂದೆ. ಆ ತಿರುವಿನಲ್ಲಿ."

"ಎಂತಾದ್ರೂ ಹೇಳಿದ್ರಾ?"

ಅಪ್ಪ ಕೊಡ ಕೆಳಗಿಟ್ಟರು. "ಕಾವು ದಾಟಿದ ಮೇಲೆ, ಮನೆಗೆ ತಿರುಗಿಸು ಅಂದ್ರು. ಎರಡು ಸಲ ಹೇಳಿದ್ರು ನಾಣಿ. ನಾನು ತಿರುಗಿಸ್ಲಿಲ್ಲ. ಇನ್ನೇನು ಪುತ್ತೂರು ಬಂತು, ಅಲ್ಲಿ ಡಾಕ್ಟ್ರು ನೋಡ್ತಾರೆ ಅಂತ ಓಡಿಸ್ತಾ ಇದ್ದೆ. ನೀನು ಆ ದಿನ ಹೇಳಿದ್ದು ಸರಿಯೇ. ಮನೆಯಲ್ಲಿ ಸಾಯ್ಲಿಕ್ಕೆ ಬಿಡ್ಲಿಲ್ಲ ನಾನು." ಆ ಮಾತನ್ನು ಅಮ್ಮನಿಗೂ ಹೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಹಿಂದಿನ ಸೀಟಿನಿಂದ ಉಸಿರು ಬಿಗಿಹಿಡಿದ ಸದ್ದು ಬಂತು. ಚಿಕ್ಕಪ್ಪ ತಿರುಗಿ ಹೆಂಡತಿಯನ್ನು ನೋಡಿದರು. ನೋಡಿ, ಅಣ್ಣ ಕೆಳಗಿಟ್ಟ ಕೊಡವನ್ನು ಎತ್ತಿಕೊಂಡರು. "ಈಗ ಇವಳು ತಿರುಗಿಸು ಅಂದ್ರೆ ನಾನು ತಿರುಗಿಸ್ತೇನಾ ಅಣ್ಣ? ಇಲ್ಲ. ನಾನಿದ್ರೂ ಅವತ್ತು ತಿರುಗಿಸ್ತಿರ್ಲಿಲ್ಲ" ಎಂದರು. ಆಮೇಲೆ ಉಳಿದ ನೀರನ್ನು ತಾವೇ ಹೊಯ್ದು ಮುಚ್ಚಳ ಹಾಕಿದರು. "ಹತ್ತು. ಹೋಗುವ" ಎಂದರು. ಅಪ್ಪ ಬೈರಾಸಿನಿಂದ ಮುಖ ಒರೆಸಿಕೊಂಡು ಸ್ಟಿಯರಿಂಗಿನ ಮುಂದೆ ಕೂತರು. ಆ ತಿರುವು ಬಂದಾಗ ಕಾರನ್ನು ಇನ್ನಷ್ಟು ನಿಧಾನ ಮಾಡಿದರು.

ಆಸ್ಪತ್ರೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಚಿಕ್ಕಮ್ಮನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾವೆಲ್ಲ ಹೊರಗಿನ ಬೆಂಚಿನಲ್ಲಿ ಕೂತೆವು. ಅಣ್ಣತಮ್ಮಂದಿರ ಕೈ ಮೊಣಕೈಯ ತನಕ ಕಪ್ಪು. ಕೊನೆಗೆ ನರ್ಸಮ್ಮ ಬಂದು ಗಂಡುಮಗು, ತಾಯಿ ಕ್ಷೇಮ ಎಂದು ಹೇಳಿ, ಮಗುವನ್ನು ಸುತ್ತಲು ಬಟ್ಟೆ ಕೇಳಿದರು. ಅಮ್ಮನ ಕೈಯಲ್ಲಿ ಸೀರೆಯ ಒಂದು ಅಂಚು ಮಾತ್ರ ಉಳಿದಿತ್ತು. ಅಪ್ಪ ಹೆಗಲಿನಿಂದ ಬೈರಾಸು ತೆಗೆದು, ಕೊಳೆಯಾದ ಭಾಗವನ್ನು ಒಳಗೆ ಮಡಚಿ, ಕೊಟ್ಟರು. ಅಣ್ಣನ ಬೈರಾಸಿನಲ್ಲಿ ಸುತ್ತಿದ ಮಗನನ್ನು ಚಿಕ್ಕಪ್ಪ ಮೊದಲ ಸಲ ನೋಡಿದರು. ಅತ್ತರು. ಗಂಡಸರು ಹಾಗೆ ಗಟ್ಟಿಯಾಗಿ ಅಳುವುದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಅಪ್ಪ ಅವರ ಬೆನ್ನಿನ ಮೇಲೆ ಕೈ ಇಟ್ಟರು. ಅಂಗಿಯ ಮೇಲೆ ಕಪ್ಪು ಎಣ್ಣೆಯ ಐದು ಬೆರಳುಗಳು ಮೂಡಿದವು. ಚಿಕ್ಕಮ್ಮ ಆ ಕಲೆಯನ್ನು ಆಮೇಲೆ ಎಷ್ಟು ಒಗೆದರೂ ಹೋಗಲಿಲ್ಲ, ಅಥವಾ ಅವರು ಸರಿಯಾಗಿ ಒಗೆಯಲೇ ಇಲ್ಲ.

ಆಮೇಲೆ ಎಲ್ಲ ಮೊದಲಿನ ಹಾಗೆ ಆಯಿತು ಎಂದರೆ ಸುಳ್ಳಾಗುತ್ತದೆ. ಒಲೆಗಳು ಎರಡೇ ಉಳಿದವು. ಒಂದು ಸಲ ಬೇರೆಯಾದ ಒಲೆಯನ್ನು ಒಂದು ಮಾಡುವುದು ಕಷ್ಟ, ನೀವೂ ಕಂಡಿರಬಹುದು. ಆದರೆ ಆ ಬಾಗಿಲಿನ ಅಗಳಿಯನ್ನು ಮತ್ತೆ ಯಾರೂ ಹಾಕಲಿಲ್ಲ. ಅಪ್ಪ ಮತ್ತು ಚಿಕ್ಕಪ್ಪ ಮಾತಾಡಿದರು. ಆದರೆ ಕಾರಿನ ವಿಷಯ ಮಾತ್ರ. ಬ್ರೇಕು, ಬ್ಯಾಟರಿ, ಮಡಿಕೇರಿ ಘಾಟಿಯಲ್ಲಿ ಇಂಜಿನ್ನು ಕಾಯುವುದು, ಕಡಬದ ಕಡೆಯ ರಸ್ತೆ ಹಾಳಾಗಿರುವುದು. ಬೇರೆ ಏನನ್ನು ಹೇಳಬೇಕಿದ್ದರೂ ಅದನ್ನು ಆ ಮಾತಿನ ಒಳಗೆ ಇಟ್ಟೇ ಹೇಳುತ್ತಿದ್ದರು. ನನ್ನ ಅಮ್ಮನಿಗೆ ಒಮ್ಮೆ ಜ್ವರ ಬಿಡದೆ ಬಂದಾಗ ಚಿಕ್ಕಪ್ಪ ಬಾಗಿಲಲ್ಲಿ ನಿಂತು "ಗಾಡಿಗೆ ಪೆಟ್ರೋಲು ತುಂಬಿಸ್ಕೊಂಡು ಬಂದಿದ್ದೇನೆ. ಯಾವಾಗ ಬೇಕಾದ್ರೂ ಹೊರಡ್ಬಹುದು" ಎಂದಿದ್ದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಸಾಂತ್ವನ ಇರಲಿಲ್ಲ. ಮಳೆಗಾಲಕ್ಕೆ ಮೊದಲು ಬೆಲ್ಟು ಬದಲಿಸುವ ದಿನ ಮಾತ್ರ ಅಜ್ಜಿ ಎರಡೂ ಒಲೆಗಳಿಗೆ ರಜೆ ಕೊಟ್ಟು ಅಂಗಳದಲ್ಲಿ ಮೂರು ಕಲ್ಲು ಹೂಡಿ ಪಾಯಸ ಕಾಯಿಸುತ್ತಿದ್ದರು. ಚಿಕ್ಕಮ್ಮನ ಮಗ ಅದರ ಸುತ್ತ ಅಂಬೆಗಾಲಿಡುತ್ತಿದ್ದ.

ಆ ಮನೆ ಈಗ ಇಲ್ಲ. ರಸ್ತೆ ಅಗಲವಾದಾಗ ಮುಂದಿನ ಕೋಣೆಗಳು ಹೋದವು. ಉಳಿದದ್ದನ್ನು ಕೆಡವಿ ಕಟ್ಟಿದ ಕಟ್ಟಡದಲ್ಲಿ ಈಗ ಅಂಗಡಿಗಳಿವೆ, ಮೇಲೆ ಕಾಲೇಜು ಮಕ್ಕಳ ಬಾಡಿಗೆ ಕೋಣೆಗಳಿವೆ. ಅಜ್ಜಿ ಹೋದರು. ಅಮ್ಮ ಹೋದರು. ಅಪ್ಪ ಹೋದ ಮಳೆಗಾಲದ ಮುಂದಿನ ಮಳೆಗಾಲವನ್ನು ಚಿಕ್ಕಪ್ಪ ನೋಡಲಿಲ್ಲ. ಎಲ್ಲರಿಗಿಂತ ಹೆಚ್ಚು ಕಾಲ ಬದುಕಿದ್ದವರು ದೇವಕಿ ಚಿಕ್ಕಮ್ಮ. ಹಲ್ಲಿಲ್ಲದ ಬಾಯಲ್ಲೂ ಅದೇ ಗಟ್ಟಿ ನಗು. ಸುಳ್ಯಕ್ಕೆ ಹೋದಾಗಲೆಲ್ಲ ನಾನು ಅವರ ಹತ್ತಿರ ಕೂತು ಬರುತ್ತಿದ್ದೆ. ಈಗ ಸುಳ್ಯಕ್ಕೆ ಹೋದರೂ ಬಸ್ಸಿನಿಂದ ಇಳಿದು ಯಾವ ಕಡೆ ನಡೆಯಬೇಕೆಂದು ಕಾಲಿಗೆ ಗೊತ್ತಾಗುವುದಿಲ್ಲ.

ಕಾರನ್ನು ಮಾರಿದ ದಿನವೊಂದು ಮಾತ್ರ ಮತ್ತೆ ಮತ್ತೆ ನೆನಪಿಗೆ ಬರುತ್ತದೆ. ನನ್ನ ಮದುವೆ ಗೊತ್ತಾಗಿದ್ದ ವರ್ಷ ಅದು. ಬಸ್ಸುಗಳು ಹೆಚ್ಚಾಗಿದ್ದವು, ಹೊಸ ಬಾಡಿಗೆ ಕಾರುಗಳು ಬಂದಿದ್ದವು. ನಮ್ಮ ಮುದಿ ಕಾರನ್ನು ಕರೆಯುವವರು ಕಡಿಮೆಯಾಗಿದ್ದರು. ಕೋಡಿಂಬಾಳದ ಒಬ್ಬರು ಬಂದು ಕೇಳಿದಾಗ ಇಬ್ಬರೂ ಒಪ್ಪಿದರು. ಹೊರಡುವ ಮೊದಲು ಅಪ್ಪ ಅವರಿಗೆ ಇಂಜಿನ್ನಿನ ಒಂದೊಂದು ಭಾಗವನ್ನೂ ತೋರಿಸಿದರು. ಅಪ್ಪ ಮರೆತದ್ದನ್ನು ಚಿಕ್ಕಪ್ಪ ಹೇಳಿದರು. ಕೊಂಡವರು ತಾಳ್ಮೆಯಿಂದ ಹೂಂಗುಟ್ಟಿ ಕೀಲಿಕೈ ತೆಗೆದುಕೊಂಡರು. ಕಾರು ಪೇಟೆಯ ತಿರುವಿನಲ್ಲಿ ಮರೆಯಾಗುವ ತನಕ ಎಲ್ಲರೂ ರಸ್ತೆಯಲ್ಲಿ ನಿಂತಿದ್ದೆವು. ಸಂಜೆ ಅಣ್ಣತಮ್ಮ ಇಬ್ಬರೂ ಬರಿದಾದ ಶೆಡ್ಡಿನ ಮುಂದೆ ಕೂತರು. ಇನ್ನು ಇವರು ಯಾವುದರ ಬಗ್ಗೆ ಮಾತಾಡುತ್ತಾರೆ ಎಂದು ನನಗೆ ಹೆದರಿಕೆಯಾಗಿ ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಚಿಕ್ಕಮ್ಮ ಎರಡು ಲೋಟ ಕಾಫಿ ತಂದು ಅವರ ಪಕ್ಕದಲ್ಲಿಟ್ಟು, ನನ್ನ ಭುಜ ಹಿಡಿದು ಒಳಗೆ ತಿರುಗಿಸಿದರು.

"ಬಾ ಸರಸ. ಅವರು ಮಾತಾಡ್ಲಿ" ಎಂದರು.

ಒಳಗೆ ಹೋಗುತ್ತಾ ನಾನು ಹಿಂತಿರುಗಿ ನೋಡಿದೆ. ಅವರು ಮಾತಾಡುತ್ತಿರಲಿಲ್ಲ. ಅಪ್ಪ ಕಾಫಿ ಊದಿ ಆರಿಸುತ್ತಿದ್ದರು, ಚಿಕ್ಕಪ್ಪ ಅವರಿಗೆ ತಾಗಿಕೊಂಡೇ ಕೂತು ರಸ್ತೆ ನೋಡುತ್ತಿದ್ದರು. ಅಜ್ಜಿ ದೀಪ ಹಚ್ಚಿ ಊಟಕ್ಕೆ ಕರೆಯುವ ತನಕ ಇಬ್ಬರೂ ಹಾಗೆಯೇ ಕೂತಿದ್ದರು.